ದೀಪಸ್ತಂಭದ ಬಾಗಿಲು

ಮಂಗಳವಾರ, ೧೪

ಆ ಹಾಳು ಬಾಗಿಲು ಮೂರು ದಿನ ನನ್ನ ತಲೆ ತಿಂದಿತು. ಗೇಮಿನ ದೀಪಸ್ತಂಭದೊಳಗೆ ನಾಲ್ಕು ಗಂಟೆ ನೇತುಹಾಕಿದ್ದಾರೆ. ಸರಿಯಾದ ಕ್ರಮದಲ್ಲಿ ಬಾರಿಸಿದರಷ್ಟೇ ಬಾಗಿಲು ತೆರೆಯುತ್ತದೆ. ಸುಳಿವೇ ಇಲ್ಲ. ಆದರೂ ಆ ಮಂಜು, ಆ ಖಾಲಿ ಮೆಟ್ಟಿಲು ಬಿಟ್ಟು ಬರಲು ಮನಸ್ಸಾಗದು.

ಕಣ್ಣಿನ ಆಪರೇಷನ್ ಆಗಿ ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲೇ ಮಲಗಿರುವ ಅಮ್ಮನ ನಿದ್ದೆ ಕೆಡದಿರಲೆಂದು ಸೌಂಡ್ ಪೂರ್ತಿ ತೆಗೆದಿದ್ದೆ. ಸಂಜೆ ಅವಳೇ ಅಂದಳು, "ಮೂರು ದಿನದಿಂದ ನಿನ್ನ ಟಿಕ್ ಟಿಕ್, ಬೈಗುಳ ಎರಡೇ ಕೇಳ್ತಿದೀನಿ. ಅಲ್ಲೇನಾಗ್ತಿದೆ ಅಂತ ನಂಗೂ ಕೇಳಿಸೇ."

ಸೌಂಡ್ ಹಾಕಿದೆ. ಅಲೆ, ಗಾಳಿ, ಬಾಗಿಲಾಚೆ ಯಾರೋ ಗಂಟೆ ಬಾರಿಸುವ ಸದ್ದು! ಕ್ರಮ ಹೇಳಿದ್ದು ಅಮ್ಮ, ಒತ್ತಿದ್ದು ನಾನು. ಬಾಗಿಲು ತೆರೆಯಿತು.

ಈಗ ಹೊಳೆಯುತ್ತಿದೆ. ನನ್ನ ಆಟ ಕೆಡದಿರಲೆಂದು ಮೂರು ದಿನವೂ ನಿದ್ದೆ ಬಂದವಳ ಹಾಗೆ ಮಲಗಿದ್ದಳು, ಕಳ್ಳಿ.