ಬಿಸಿ ಹಾಲು

ಅಮ್ಮನಿಗೆ,

'ಇಷ್ಟೊಂದು ತಿಂತಾಳಲ್ಲ, ಎಲ್ಲಿಗೆ ಹೋಗುತ್ತೆ?' ಎಂದೋ ಏನೋ, ನಿನ್ನ ಮನೆಗೆ ಬಂದಿದ್ದ ನನ್ನ ಮಗಳನ್ನು ನೋಡಿ ತಂಗಿಯ ಅತ್ತೆಯಾಗಲಿರುವವರು ನಕ್ಕರಂತೆ. ಮಗಳಿಗೂ ಸರಿಯಾಗಿ ನೆನಪಿಲ್ಲ. ತಿಂದದ್ದು ಹಾಗೇ ಹೊರಗೆ ಹೋಗುತ್ತದೆ, ಅಮ್ಮ. ಅವಳ ಹೊಟ್ಟೆಯೊಳಗಿನ ನಾಳಗಳಲ್ಲಿ ಅಂಟು ಕಟ್ಟಿಕೊಂಡು ಜೀರ್ಣರಸ ಕರುಳಿಗೆ ಇಳಿಯುವುದಿಲ್ಲ. ಅದಕ್ಕೇ ಪ್ರತಿ ಊಟದ ಜೊತೆ ಆ ಜೀರ್ಣರಸದ ಕ್ಯಾಪ್ಸೂಲು. ಅದೇ ಅಂಟು ಎದೆಯಲ್ಲೂ ಇದೆ. ಬೆನ್ನು ತಟ್ಟಿ ಕಫ ಸಡಿಲಿಸುವುದನ್ನು ನಿನಗೆ ತೋರಿಸಿಕೊಟ್ಟಿದ್ದೆ.

ಸಂಬಂಧ ಬೆಳೆಸಲು ಬಂದವರ ಎದುರು ಮೊಮ್ಮಗಳು ಔಷಧಿ ನುಂಗಬಾರದೆಂದು, ನೀನು ಕ್ಯಾಪ್ಸೂಲು ಬಿಚ್ಚಿ, ಒಳಗಿನ ಕಾಳುಗಳನ್ನು ಅರೆದು, ಬಿಸಿ ಹಾಲಿಗೆ ಕದಡಿ ಕೊಟ್ಟೆಯಂತೆ. ಅರೆದರೆ, ಬಿಸಿ ತಾಗಿದರೆ, ಅದು ಕೆಲಸಕ್ಕೆ ಬಾರದು. ಅವರು ಉಳಿದಷ್ಟು ದಿನವೂ ಹಾಗೇ ಕೊಟ್ಟೆ. ಜೀರ್ಣವಾಗದ್ದು ಗಟ್ಟಿಯಾಗಿ ಈಗ ಅವಳ ಕರುಳು ಕಟ್ಟಿದೆ, ಆಸ್ಪತ್ರೆಯಲ್ಲಿದ್ದಾಳೆ. ಮೂಗಿನಲ್ಲಿ ನಳಿಕೆ ಇದೆ. ಆಪರೇಷನ್ ಬೇಕಾಗಬಹುದು ಎನ್ನುತ್ತಾರೆ.

'ನಮ್ಮ ಕಡೆ ಇಲ್ಲದ ಕಾಯಿಲೆ, ಸೊಸೆ ತಂದಿದ್ದು' ಎಂದೂ ಅವರಿಗೆ ಹೇಳಿದೆಯಂತೆ. ಅರ್ಧ ನನ್ನ ಹೆಂಡತಿಯಿಂದ ಬಂದದ್ದು ನಿಜ. ಉಳಿದರ್ಧ ನನ್ನಿಂದ, ನನಗೆ ನಿನ್ನಿಂದಲೋ ಅಪ್ಪನಿಂದಲೋ. ತಂಗಿಯಲ್ಲೂ ಅದು ಅಡಗಿರಬಹುದು, ಅವಳೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ.

ಮದುವೆ ಗೊತ್ತಾಯಿತಂತೆ, ಸಂತೋಷ. ಮಗಳ ನೀಲಿ ದಿಂಬು ಅಲ್ಲೇ ಉಳಿದಿದೆ, ಯಾರ ಕೈಲಾದರೂ ಕಳಿಸು. ನೀನು ಬರುವುದು ಬೇಡ. ಎಚ್ಚರವಾದಾಗಲೆಲ್ಲ ಅವಳು ಬಾಗಿಲ ಕಡೆ ನೋಡಿ ಕೇಳುವುದು ಒಂದೇ: 'ಅಜ್ಜಿ, ಹಾಲು ಪೂರ್ತಿ ಕುಡಿದ್ನಲ್ಲ, ಮತ್ಯಾಕೆ ನೋಯ್ತಿದೆ?'

ನಿನ್ನ ಮಗ