ಬಾಲಕ್ಕೊಂದು ಎಸ್

ಜೂನ್ ೧೪, ಭಾನುವಾರ
ಅಮ್ಮನ ಮಂಚದ ಪಕ್ಕದಿಂದ

ಉದ್ದಪದ ಸಾಮ್ರಾಜ್ಯದ ಏಕಚ್ಛತ್ರಾಧಿಪತಿ, ಇಪ್ಪತ್ತಾರು ಇಂಗ್ಲಿಷ್ ಅಕ್ಷರಗಳ ಗಂಡ, ಬೇಕರಿ ವ್ಯಾನಿನ ಮಾಜಿ ಸಾರಥಿ, ಜೈಲಿನ ಎರಡನೇ ಬ್ಲಾಕಿನ ಹಾಲಿ ನಿವಾಸಿ, ನನ್ನ ಏಕಮಾತ್ರ ಅಣ್ಣನಾದ ಶ್ರೀಮಾನ್ ಡಿಕ್ಷನರಿ ಮಹಾಪ್ರಭುಗಳ ದಿವ್ಯಸನ್ನಿಧಿಗೆ, ನಂಬರ್ ಪ್ಲೇಟ್ ಅಂಗಡಿಯ ಅಂಟು ಮೆತ್ತಿದ ಬೆರಳುಗಳಿಂದ ತಂಗಿ ಪಟಾಕಿ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಬರೆಯುವುದು ತಡವಾಯಿತು, ಕ್ಷಮಿಸು. ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದರೆ ನೀನು ನಂಬುವವನಲ್ಲ, ಆದ್ದರಿಂದ ನಿಜವನ್ನೇ ಬರೆಯುತ್ತೇನೆ. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾಳೆ. ಆಪರೇಷನ್ ಬೇಗ ಆಗಬೇಕು, ಬಿಟ್ಟರೆ ಮತ್ತೆ ಏಳುವುದಿಲ್ಲ ಎಂದಿದ್ದಾರೆ ಡಾಕ್ಟರು. ಅಮ್ಮನದು ಒಂದೇ ಹಟ: "ದೊಡ್ಡವನ ಮುಂದಿನ ಪದ ಬರಲಿ, ಆಮೇಲೆ ಹೋಗೋಣ."

"ಪದ ಬಂದು ನಿನ್ನ ಸೊಂಟ ಹಿಡ್ಕೊಳ್ಳುತ್ತಾ?" ಎಂದೆ.

"ಬಂದ್ರೆ ಅವನು ಇದ್ದಾನೆ ಅಂತ ಗೊತ್ತಾಗುತ್ತೆ. ಅವನಿಲ್ಲ ಅಂದ್ರೆ ನಾನು ಎದ್ದು ಯಾರಿಗೆ ಬಾಗಿಲು ತೆಗೀಬೇಕು?"

"ಯಾಕೆ, ನಾನಿಲ್ವಾ?"

"ನಿನ್ ಹತ್ರ ಬೀಗದ ಕೈ ಇದೆಯಲ್ಲೇ."



ನಿನ್ನ ಪದಗಳೆಲ್ಲ ಅವಳ ಮಂಚದ ಪಕ್ಕದ ಗೋಡೆಯ ಮೇಲಿವೆ. ಅಂಗಡಿಯಲ್ಲಿ ಉಳಿದ ಸ್ಟಿಕರ್ ಚೂರುಗಳಲ್ಲಿ ಒಂದೊಂದೇ ಅಕ್ಷರ ಕತ್ತರಿಸಿ ನಾನೇ ಅಂಟಿಸಿದ್ದೇನೆ. ಇಂಗ್ಲಿಷ್ ಓದಲು ಬಾರದ ಅಮ್ಮ ಅವುಗಳನ್ನು ಬೆರಳಿಂದ ಮುಟ್ಟಿ ಮುಟ್ಟಿ ಎಣಿಸುತ್ತಾಳೆ. ಪದ ಉದ್ದವಿದ್ದಷ್ಟೂ ನೀನು ಚೆನ್ನಾಗಿ ಊಟ ಮಾಡುತ್ತಿದ್ದೀಯ ಎಂದು ಅವಳ ಲೆಕ್ಕ.

ಯಾವುದೋ ಪ್ಲೇಟಿನ ಮೂರು ಅಕ್ಷರ ನಾನು ಕಳಿಸುವುದು, ಆ ಮೂರೂ ಇರುವ ಉದ್ದನೆಯ ಪದ ಹುಡುಕಿ ನೀನು ಕಳಿಸುವುದು. ನೀನು ಒಳಗೆ ಹೋದ ಮೇಲೂ ನಾವು ಬಿಡದೆ ಇದ್ದದ್ದು ಈ ಆಟವೊಂದನ್ನೇ. ಒಂದು ಲಾರಿಯ ಎಫ್, ಜಿ, ವಿ ಕಳಿಸಿದ್ದು ನೆನಪಿದೆಯೇ? ನಿನ್ನ ವ್ಯಾನಿನಡಿ ಸಿಕ್ಕು ಸತ್ತ ಸೈಕಲ್ಲಿನವನ ಹೆಂಡತಿ ಕೋರ್ಟಿನಲ್ಲಿ ಒಂದು ಮಾತೂ ಆಡದೆ ನಿನ್ನನ್ನೇ ನೋಡುತ್ತ ನಿಂತಿದ್ದಳಲ್ಲ, ಅದೇ ವಾರ. ನೀನು ಬರೆದದ್ದು ಅನ್‌ಫರ್ಗಿವಬಲ್. ಕ್ಷಮಿಸಲಾಗದ್ದು. ಅಮ್ಮ ಅರ್ಥ ಕೇಳಿದಳು. "ದೊಡ್ಡ ತೋಟ" ಎಂದುಬಿಟ್ಟೆ. ಈಗ ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಿ, "ನೋಡಿ, ನನ್ ಮಗ ದೊಡ್ಡ ತೋಟ ಕಳ್ಸಿದ್ದಾನೆ" ಎನ್ನುತ್ತಾಳೆ. ಬಂದವರಲ್ಲಿ ಇಂಗ್ಲಿಷ್ ಬರುವವರು ಗೋಡೆ ನೋಡುತ್ತಾರೆ, ನನ್ನನ್ನು ನೋಡುತ್ತಾರೆ, ಆಮೇಲೆ ನೀರು ಕೇಳುತ್ತಾರೆ.

ಇನ್ನು ನಮ್ಮ ಕಾಗದ ಒಡೆದು ಪರೀಕ್ಷಿಸುವ ಸಾಹೇಬರು ಕ್ಷೇಮವೇ? ಮೊದಮೊದಲು ನಮ್ಮ ಅಕ್ಷರಗಳನ್ನು ಯಾವುದೋ ಗುಪ್ತ ಸಂಚು ಎಂದುಕೊಂಡು ಹಸಿರು ಶಾಯಿಯಲ್ಲಿ ಹೊಡೆದು ಹಾಕುತ್ತಿದ್ದರು. ನಿನ್ನನ್ನು ಕರೆಸಿ ಗದರಿಸಿದರಂತೆ. ಬರೀ ಆಟ ಎಂದು ಗೊತ್ತಾದ ಮೇಲೆ ತಾವೂ ಒಂದು ಪದ ಹೇಳಿದರಂತೆ. "ಸಾಹೇಬರದು ಐದೇ ಅಕ್ಷರ, ಪಾಪ" ಎಂದು ಬರೆದಿದ್ದೆ ನೀನು. ಆ ಕಾಗದದಲ್ಲಿ ನೀನು ನಕ್ಕಿದ್ದೆ.

ನಾನು ಭೇಟಿಗೆ ಬಂದ ಸಮಾಚಾರ ನಿನಗೆ ತಲುಪಿದೆಯೋ ಇಲ್ಲವೋ. ಗಾಜಿನ ಈಚೆ ನಾನು, ಆಚೆ ಖಾಲಿ ಸ್ಟೂಲು.

"ಬರಲ್ಲ ಅಂತಾನಮ್ಮ" ಎಂದ ಕಾವಲಿನವ.

"ತಂಗಿ ಬಂದಿದ್ದಾಳೆ ಅಂದ್ರಾ?"

"ಅಂದೆ. ಗೋಡೆ ಕಡೆ ತಿರುಗಿ ಮಲಗಿದ."

"ಯಾವ ಮಗ್ಗುಲಿಗೆ?"

"ಅದೂ ಬೇಕಾ ನಿಂಗೆ?"

ಬೇಕಿತ್ತು. ಎಡಮಗ್ಗುಲಾದರೆ ನಿನಗೆ ನಿದ್ದೆ, ಬಲಮಗ್ಗುಲಾದರೆ ಅಳು. ಅವನು ಗಮನಿಸಿರಲಿಲ್ಲ. ಸಮಯ ಮುಗಿಯುವವರೆಗೂ ಆ ಸ್ಟೂಲಿನ ಜೊತೆಯೇ ಊರ ಸುದ್ದಿಯೆಲ್ಲ ಮಾತಾಡಿ ಎದ್ದು ಬಂದೆ. ಸ್ಟೂಲು ನಿನಗಿಂತ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ.

ಈಗ ವಿಚಾರಣೆ. ಆರೋಪಿ ಎದ್ದು ನಿಲ್ಲತಕ್ಕದ್ದು. ಹೋದ ಸಲ ನಾನು ಕೊಟ್ಟದ್ದು ಕೆ, ಎಲ್, ಡಬ್ಲ್ಯೂ. ಬಂದ ಉತ್ತರ ಅಕ್ನಾಲೆಜ್‌ಮೆಂಟ್ಸ್. ಬಾಲಕ್ಕೊಂದು ಎಸ್! ಪದ ಉದ್ದ ಮಾಡಲು ಕೊನೆಗೆ ಎಸ್ ಸಿಕ್ಕಿಸುವವನು ಕುಲದ್ರೋಹಿ ಎಂದು ನಮ್ಮ ಮನೆಯಲ್ಲಿ ಶಾಸನ ಹೊರಡಿಸಿದವನು ಯಾರು? ಚಿಕ್ಕವಳಿದ್ದಾಗ ನಾನೊಂದು ಎಸ್ ಸೇರಿಸಿದ್ದಕ್ಕೆ ಇಡೀ ರಜೆ ನನ್ನನ್ನು "ಏ ಬಾಲದವಳೇ" ಎಂದು ಕರೆದವನು ಯಾರು? ಶಾಸನಕ್ಕೆ ತಲೆಬಾಗಿ ನಾನು ಆ ಎಸ್ ಬಿಟ್ಟು ಅಂಟಿಸಿದೆ. ಅಮ್ಮ ಕಾಗದ ಹಿಡಿದು ಎಣಿಸಿದಳು, ಗೋಡೆ ಎಣಿಸಿದಳು. "ಒಂದು ಕಮ್ಮಿ ಇದೆಯಲ್ಲೇ. ಅವನ ತುತ್ತು ನೀನ್ಯಾಕೆ ಕದ್ದೆ?" ಎಂದಳು. ಅಂಟಿಸಿದೆ.

ಅಣ್ಣ, ನಿನ್ನನ್ನು ನಗಿಸಬೇಕೆಂದು ಕೂತಿದ್ದೇನೆ, ಆದರೆ ಈ ಕೋಣೆಯಲ್ಲಿ ಯಾರೂ ನಗುತ್ತಿಲ್ಲ. ಮೊದಲೆಲ್ಲ ಪ್ಲೇಟಿನ ಅಕ್ಷರ ಕತ್ತರಿಸುತ್ತಿದ್ದಂತೆ ತಲೆಯಲ್ಲಿ ಪದಗಳು ತಾವಾಗಿಯೇ ಉದ್ದವಾಗುತ್ತಿದ್ದವು. "ಕತ್ತರಿ ಹಿಡ್ಕೊಂಡು ಎಲ್ಲಿಗೆ ಹೋದ್ಯೇ?" ಎಂದು ಅಂಗಡಿಯ ಯಜಮಾನರು ಕೂಗಬೇಕಿತ್ತು. ಈಗ ಎಲ್ಲಿಗೂ ಹೋಗುವುದಿಲ್ಲ. ಮೂರು ಅಕ್ಷರ ಮೂರೇ ಅಕ್ಷರವಾಗಿ ಉಳಿಯುತ್ತವೆ. ಅಂಟಿಸುತ್ತೇನೆ, ಗಾಡಿ ಹೊರಟುಹೋಗುತ್ತದೆ.

ಈ ಸಲದ್ದು ಎಕ್ಸ್, ಪಿ, ಎನ್. ನಿನ್ನೆ ಒಂದು ಆಂಬುಲೆನ್ಸಿಗೆ ಅಂಟಿಸಿದ್ದು. ಅಮ್ಮ ಆಗಲೇ ಗೋಡೆಯಲ್ಲಿ ಜಾಗ ಗುರುತು ಮಾಡಿದ್ದಾಳೆ, ಮಲಗಿದಲ್ಲಿಂದ ಕೈ ಎಟುಕುವ ಹಾಗೆ.

ಅವಳು ಹೇಳಿ ಬರೆಸಿದ ಆಶೀರ್ವಾದ: ಹೊತ್ತಿಗೆ ಸರಿಯಾಗಿ ಉಣ್ಣು, ತಣ್ಣೀರಲ್ಲಿ ಸ್ನಾನ ಮಾಡಬೇಡ, ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ನಾನು ಸೇರಿಸಿದ್ದು: ಎಡಮಗ್ಗುಲಲ್ಲೇ ಮಲಗು.

ನಿನ್ನ ತಂಗಿ,
ಪಟಾಕಿ
(ಸದ್ಯಕ್ಕೆ ನೆನೆದು ಕೂತಿದೆ)

ಮರೆತ ಮಾತು: ಇಲ್ಲಿಂದ ಕೆಳಗಿನದು ಅಣ್ಣನಿಗಲ್ಲ, ಇದನ್ನು ಮೊದಲು ಒಡೆದು ಓದುವ ಸಾಹೇಬರಿಗೆ.

ಸಾರ್, ಆ ಎಸ್ ಕಂಡ ದಿನವೇ ನನಗೆ ಗೊತ್ತಾಯಿತು. ನಮ್ಮಣ್ಣ ಕೈ ಕಡಿದುಕೊಂಡರೂ ಬಾಲ ಅಂಟಿಸುವವನಲ್ಲ. ದೊಡ್ಡ ತೋಟದ ಆಮೇಲೆ ಬಂದ ಪದಗಳೆಲ್ಲ ಹಸಿರು ಶಾಯಿಯಲ್ಲೇ ಇವೆ. ಪೆನ್ನು ನೀವು ಕೊಟ್ಟಿರುತ್ತೀರಿ, ಬರೆದವನು ಅವನೇ ಎಂದು ಆ ಎಸ್ ಬರುವವರೆಗೆ ನನ್ನನ್ನೇ ನಂಬಿಸಿಕೊಂಡಿದ್ದೆ. ಮೇಲಿನ ವಿಚಾರಣೆಯೆಲ್ಲ ನಾಟಕ, ಅಮ್ಮನಿಗೆ ಅಷ್ಟನ್ನು ಮಾತ್ರ ಓದಿ ಹೇಳಲು ಬೇಕಿತ್ತು. ಐದಕ್ಷರದಿಂದ ಬಹಳ ದೂರ ಬಂದಿದ್ದೀರಿ ಸಾರ್.

ಈ ಕಾಗದ ಅವನಿಗೆ ಕೊಡದಿದ್ದರೂ ಪರವಾಗಿಲ್ಲ, ಕೊಟ್ಟರೂ ಅವನು ಬಿಡಿಸುವುದಿಲ್ಲ. ಪದ ಮಾತ್ರ ಬೇಗ ಕಳಿಸಿ, ಡಾಕ್ಟರು ಕಾಯುತ್ತಿದ್ದಾರೆ. ಆದಷ್ಟು ಉದ್ದವಿರಲಿ. ಬೇಕಾದರೆ ಕೊನೆಗೊಂದು ಎಸ್ ಹಾಕಿ.