ಒಂದೇ ಫೋನಿನ ಇಪ್ಪತ್ತಮೂರು ಮಂದಿ

ಬೈಸಿಕೊಂಡು ಸುಮ್ಮನೆ ಹೋದ ನನ್ನ ಅಪ್ಪನಿಗೆ,

ನೀನು ಹೋಗಿ ಇವತ್ತಿಗೆ ಎರಡು ತಿಂಗಳು. ಪತ್ರ ಬರೆಯುವುದು ನಿನ್ನ ಕೆಲಸ, ನನ್ನದಲ್ಲ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಮೂವತ್ತು ವರ್ಷ ಬರೆಯಲು ಬಾರದವರ ಪತ್ರ, ಅರ್ಜಿ ಎಲ್ಲ ಬರೆದುಕೊಟ್ಟವನು ನೀನು. ಅವರು ಹೇಳಿದ್ದಕ್ಕೆ ಒಂದಕ್ಷರ ಸೇರಿಸುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು ಅಪ್ಪಾ. ಗೊತ್ತಿದ್ದೂ ಹಾಗೆ ಮಾತಾಡಿದೆ.

ವಾರಕ್ಕೆ ಮೂರು ಸಲ ನಿನ್ನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದೆ. ಆ ಚಳಿ ಕೋಣೆಯಲ್ಲಿ ನಾಲ್ಕು ಗಂಟೆ ಸೂಜಿಗಾಗಿ ತೋಳು ತೆರೆದಿಟ್ಟುಕೊಂಡು ನಡುಗುತ್ತೀಯಲ್ಲ ಎಂದು, ತೋಳಿನುದ್ದಕ್ಕೂ ಜಿಪ್ಪು ಇಟ್ಟು ನಿನಗೊಂದು ದಪ್ಪನೆಯ ಅಂಗಿ ಹೊಲಿದೆ. ಪಕ್ಕದ ಮಂಚದ ಡ್ರೈವರಣ್ಣ ನೋಡಿದ, "ನನಗೂ ಒಂದು ಹೊಲಿದುಕೊಡಮ್ಮ" ಎಂದ. ಹಾಗೆ ಶುರುವಾದದ್ದು ನಮ್ಮ ಆನ್‌ಲೈನ್ ಅಂಗಡಿ. ಎರಡು ವರ್ಷದಲ್ಲಿ ನಾಲ್ಕು ಹೊಲಿಗೆ ಯಂತ್ರ, ಕೆಲಸಕ್ಕೆ ಮೂವರು ಹೆಂಗಸರು. ಪ್ರತಿ ಅಂಗಿಯ ಜಿಪ್ಪನ್ನೂ ಎಳೆದೆಳೆದು ನೋಡುವ ಇನ್ಸ್‌ಪೆಕ್ಟರ್ ಸಾಹೇಬ ನೀನು.

ಒಂದು ಬೆಳಿಗ್ಗೆ, ನಮ್ಮ ಅಂಗಡಿ ಯಾರ ಸೈಟಿನಲ್ಲಿತ್ತೋ ಆ ಮಾರಾಟದ ಕಂಪನಿಯಿಂದ ಮೇಲ್ ಬಂತು. ನಿಮ್ಮ ಇಪ್ಪತ್ತಮೂರು ಗಿರಾಕಿಗಳ ರಿವ್ಯೂಗಳು ಒಂದೇ ಫೋನಿನಿಂದ ಬಂದಿವೆ, ಎಲ್ಲ ಸುಳ್ಳು, ನಿಮ್ಮ ಅಂಗಡಿ ಮುಚ್ಚಿದ್ದೇವೆ. ಇದು ಯಾರ ಕೆಲಸ ಎಂದು ಕೂಗಾಡಿದರೆ, ನೀನು "ನಾನೇ ಬರೆದದ್ದು ಕಣೇ. ಅವರು ಹೇಳಿದರು, ನಾನು..." ಎಂದೆ. ಮುಂದೆ ಹೇಳಲು ನಾನು ಬಿಟ್ಟರೆ ತಾನೆ? "ಯಾರು ಕೇಳಿದ್ರು ನಿನ್ನ? ಎಲ್ಲದಕ್ಕೂ ಮೂಗು ತೂರಿಸಿ ನನ್ನ ಹೊಟ್ಟೆ ಮೇಲೆ ಹೊಡೆದೆಯಲ್ಲ! ಈ ವಯಸ್ಸಲ್ಲಿ ಸುಳ್ಳು ಬರೆಯೋಕೆ ನಾಚಿಕೆ ಆಗಲಿಲ್ವಾ?" ಕೆಲಸದ ಹೆಂಗಸರ ಎದುರಿಗೇ ಅಂದುಬಿಟ್ಟೆ. ನೀನು ಫೋನನ್ನು ಮೇಜಿನ ಮೇಲಿಟ್ಟು ಒಳಗೆ ಹೋದೆ. ಮತ್ತೆ ಅದನ್ನು ಮುಟ್ಟಲಿಲ್ಲ. ಹನ್ನೊಂದನೆಯ ದಿನ ನಿನ್ನ ಹೃದಯ ನಿಂತುಹೋಯಿತು.

ಹೋದ ತಿಂಗಳು, ಉಳಿದ ಅಂಗಿಗಳನ್ನು ಕೊಟ್ಟು ಬರೋಣವೆಂದು ಆ ಡಯಾಲಿಸಿಸ್ ಕೋಣೆಗೆ ಹೋದೆ. ಕಿಟಕಿ ಪಕ್ಕದ ಮಂಚದ ಟೀಚರಮ್ಮ ನನ್ನ ಕೈ ಹಿಡಿದುಕೊಂಡರು. "ಒಂದು ಕೈಗೆ ಸೂಜಿ, ಇನ್ನೊಂದು ಕೈ ನಡುಗುತ್ತೆ. ಅಂಗಿ ತರಿಸಿದ್ದು ನಾವೇ, ದುಡ್ಡು ಕೊಟ್ಟಿದ್ದೂ ನಾವೇ. ನಾವು ಹೇಳ್ತಿದ್ವಿ, ನಿಮ್ಮಪ್ಪ ಅವರ ಫೋನಲ್ಲಿ ಬರೀತಿದ್ರು. ಬರೆದದ್ದನ್ನ ಓದಿ ಹೇಳಿ, ಸರಿನಾ ಅಂತ ಕೇಳದೆ ಬಿಡ್ತಿರಲಿಲ್ಲ." ಡ್ರೈವರಣ್ಣ ಮಲಗಿದ್ದಲ್ಲಿಂದಲೇ ನಕ್ಕ. "ಜಿಪ್ಪು ಚುಚ್ಚುತ್ತೆ, ಮೂರೇ ಸ್ಟಾರ್ ಕೊಡಿ ಅಂದೆ. ಮಗಳ ಅಂಗಡಿ ಅಂತಾನೂ ನೋಡದೆ ಮೂರೇ ಒತ್ತಿದ್ರು, ಪುಣ್ಯಾತ್ಮ!" ಆ ಮೂರು ಸ್ಟಾರ್ ಕೊಟ್ಟವನಿಗೆ ನಾನು ಮನೆಯಲ್ಲಿ ಹಿಡಿಶಾಪ ಹಾಕುತ್ತಿದ್ದಾಗ, "ಜಿಪ್ಪಿನ ಕೆಳಗೊಂದು ಮೆತ್ತನೆ ಪಟ್ಟಿ ಇಡು" ಎಂದಷ್ಟೇ ಹೇಳಿದ್ದೆ ನೀನು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತೆ.

ಎಲ್ಲವನ್ನೂ ವಿವರಿಸಿ ಕಂಪನಿಗೆ ಬರೆದೆ. ಇಪ್ಪತ್ತಮೂರು ಮಂದಿಯೂ ತಂತಮ್ಮ ಫೋನಿನಿಂದ ಬರೆಯಲಿ ಎಂದರು. ಬದುಕಿರುವವರು ಒಂಬತ್ತೇ ಜನ ಅಪ್ಪಾ. ಆ ಒಂಬತ್ತು ಜನ ಕಷ್ಟಪಟ್ಟು ಬರೆದರು. ಸಾಲದು ಎಂದರು. ರಿವ್ಯೂಗಳು ಸುಳ್ಳೆಂದು ಒಪ್ಪಿಕೊಂಡು, ಮಾಡಿದವರು ಯಾರೆಂದು ಬರೆದುಕೊಟ್ಟರೆ ಮಾತ್ರ ಅಂಗಡಿ ತೆರೆಯುತ್ತದಂತೆ. ನಾನು ಮೂರು ವಾರ ಹಟ ಹಿಡಿದೆ. ಮೊನ್ನೆ ಕೆಲಸದ ಹೆಂಗಸರಲ್ಲಿ ಹಿರಿಯಳು ತಲೆ ತಗ್ಗಿಸಿಕೊಂಡು, "ಬೇರೆ ಕಡೆ ನೋಡ್ಕೊಳ್ಳಲಾ ಅಕ್ಕಾ?" ಎಂದು ಕೇಳಿದಳು.

ನಿನ್ನೆ ಬರೆದುಕೊಟ್ಟೆ. 'ನನ್ನ ತಂದೆ ಸುಳ್ಳು ರಿವ್ಯೂ ಬರೆದಿದ್ದಾರೆ' ಎಂದು ನನ್ನ ಕೈಯಾರೆ ಬರೆದೆ. ಇದು ಮತ್ತೆ ಆಗದಂತೆ ಏನು ಕ್ರಮ ಕೈಗೊಂಡಿದ್ದೀರಿ ಎಂಬ ಕಡೆಯ ಪ್ರಶ್ನೆಗೆ 'ಅವರು ತೀರಿಕೊಂಡಿದ್ದಾರೆ' ಎಂದು ತುಂಬಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು. ನಿಮ್ಮ ಕ್ರಮ ತೃಪ್ತಿಕರವಾಗಿದೆ, ಧನ್ಯವಾದಗಳು.

ಅಂಗಡಿ ತೆರೆದಿದೆ. ಆ ಇಪ್ಪತ್ತಮೂರು ಮಂದಿಯ ಮಾತನ್ನು ಅಳಿಸಿಹಾಕಿದ್ದಾರೆ. ನಾನು ಬರೆದುಕೊಟ್ಟದ್ದು ಮಾತ್ರ ಕಂಪನಿಯ ಬಳಿ ಹಾಗೇ ಇರುತ್ತದೆ.

ಹಿರಿಯನಾದ ನಿನ್ನನ್ನು ನಾನು ಹರಸಬಾರದೇನೋ. ಆದರೂ, ನೀನಿರುವ ಕಡೆ ನಿನ್ನ ಮಾತನ್ನು ಕೊನೆಯವರೆಗೆ ಕೇಳುವವರೊಬ್ಬರು ಸಿಗಲಿ.

ನಿನ್ನನ್ನು ಎರಡು ಸಲ ಸುಳ್ಳುಗಾರನೆಂದ
ನಿನ್ನ ಮಗಳು